ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಳ್ಳುವ ಮೊದಲು ಪರೀಕ್ಷೆ ಹಾಲಿನ ಬಾಗಿಲಲ್ಲಿ ಕೇಳಿ

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು, ಅಡಿಕೆ ತೋಟ ಇದೆ. ಮಗಳು ಈ ವರ್ಷ ಬಿಎಸ್‌ಸಿ ಸೇರಿದ್ದಾಳೆ. ಗಣಿತ ಮತ್ತು ಭೌತಶಾಸ್ತ್ರ ತೆಗೆದುಕೊಂಡಿದ್ದಾಳೆ. ಅಮೆರಿಕದಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ಫೋನ್ ಮಾಡಿದಾಗ, "ಗಣಿತ ಓದುವವರಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇಲ್ಲದೇ ಆಗೂದಿಲ್ಲ ದೊಡ್ಡಪ್ಪ, ಟಿಐ-84 ಕೊಡಿಸಿ" ಅಂದ. ಇಲ್ಲಿ ಆನ್‌ಲೈನಲ್ಲಿ ನೋಡಿದರೆ ಹತ್ತು ಸಾವಿರದ ಮೇಲಿದೆ. ಕಡಿಮೆ ಬೆಲೆಯದ್ದು ಯಾವುದಾದರೂ ಇದೆಯಾ? ಹಳೆಯದು ತೆಗೆದುಕೊಳ್ಳಬಹುದಾ? ಮೊಬೈಲಲ್ಲೇ ಆಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ, ಆದರೆ ನಮ್ಮಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇಲ್ಲ. ಒಂಬತ್ತನೇ ತರಗತಿಯ ಮಗನೂ ಇದ್ದಾನೆ, ಮುಂದೆ ಅವನಿಗೂ ಉಪಯೋಗ ಆಗುವ ಹಾಗಿದ್ದರೆ ಒಳ್ಳೆಯದು.

ಉತ್ತರ: ನಿಮ್ಮ ತಮ್ಮನ ಮಗ ಹೇಳಿದ್ದು ಸುಳ್ಳಲ್ಲ. ಅವನಿರುವ ಊರಿಗೆ ಅದು ಸರಿ. ನಿಮ್ಮ ಕೂಸು ಓದುತ್ತಿರುವ ಊರಿಗೆ ಸರಿಯಲ್ಲ. ಹತ್ತು ಸಾವಿರ ಖರ್ಚು ಮಾಡಬೇಡಿ. ಐದು ಸಾವಿರವೂ ಬೇಡ. ಸಾವಿರದಿಂದ ಎರಡು ಸಾವಿರದೊಳಗೆ ಒಂದು ಒಳ್ಳೆಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆದುಕೊಡಿ. ಗ್ರಾಫಿನ ಕೆಲಸವನ್ನು ಮನೆಯಲ್ಲಿರುವ ಮೊಬೈಲೇ ಮಾಡುತ್ತದೆ, ಅದೂ ನೆಟ್‌ವರ್ಕ್ ಇಲ್ಲದೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನಾನು ಕಾರವಾರದಲ್ಲಿ ಗಣಿತ ಮೇಷ್ಟ್ರಾಗಿದ್ದವನು. ಚಿಕ್ಕದಾಗಿ ಹೇಳುವ ಅಭ್ಯಾಸ ನಿವೃತ್ತಿ ಆದಮೇಲೂ ಬಂದಿಲ್ಲ.

ಗ್ರಾಫಿಂಗ್ ಕ್ಯಾಲ್ಕುಲೇಟರ್, ಅಂದರೆ ಸಮೀಕರಣ ಕೊಟ್ಟರೆ ಅದರ ಗೆರೆಯನ್ನು ಪರದೆ ಮೇಲೆ ಬರೆದು ತೋರಿಸುವ ಯಂತ್ರ, ಹಳೆಯ ವಸ್ತು. ಮೊದಲನೆಯದನ್ನು ಕ್ಯಾಸಿಯೊ ಕಂಪನಿ 1985ರಲ್ಲಿ ತಂದಿತು, ಎಫ್‌ಎಕ್ಸ್-7000 ಜಿ ಅಂತ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ ಅಂದರೆ ಇದೇ ಕಂಪನಿ) 1990ರಲ್ಲಿ ಟಿಐ-81 ತಂದಿತು. ಅದೇ ವಂಶದಲ್ಲಿ ಮುಂದೆ 2004ರಲ್ಲಿ ಟಿಐ-84 ಪ್ಲಸ್ ಬಂತು. ಅದರ ಪರದೆಯಲ್ಲಿ ಅಡ್ಡಕ್ಕೆ 96 ಚುಕ್ಕಿ, ಉದ್ದಕ್ಕೆ 64 ಚುಕ್ಕಿ. ಮಿದುಳಾಗಿ ಇದ್ದದ್ದು ಜೆಡ್80, 1976ರಲ್ಲಿ ಬಂದ ಚಿಪ್ಪಿನ ಜಾತಿ. ಈಗ ಬರುವ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ 2015ರದ್ದು. ಅದರಲ್ಲೂ ಚುಕ್ಕಿಗಳು 320ಕ್ಕೆ 240 ಅಷ್ಟೇ. ನಿಮ್ಮ ಜೇಬಿನಲ್ಲಿರುವ ಅತಿ ಅಗ್ಗದ ಸ್ಮಾರ್ಟ್‌ಫೋನೂ ಇದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು.

ಹಾಗಾದರೆ ಆ ಬೆಲೆ ಯಾಕೆ? ಪರೀಕ್ಷೆಯ ನಿಯಮಕ್ಕಾಗಿ. ಅಮೆರಿಕದ ಎಷ್ಟೋ ಶಾಲೆ, ಕಾಲೇಜುಗಳಲ್ಲಿ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ತರಬಹುದು. ಅಲ್ಲಿಯ ಹೈಸ್ಕೂಲು ಮಕ್ಕಳು ಬರೆಯುವ ಎಪಿ ಕ್ಯಾಲ್ಕುಲಸ್ ಅನ್ನುವ ಪರೀಕ್ಷೆಯ ಕೆಲವು ಭಾಗಗಳಿಗಂತೂ ಇತ್ತೀಚಿನವರೆಗೂ ಅದು ಇರಲೇಬೇಕಿತ್ತು. ಫೋನ್ ಮಾತ್ರ ತರುವ ಹಾಗಿಲ್ಲ. ಫೋನ್ ಮಾಡುವ ಕೆಲಸವನ್ನೇ ಮಾಡುವ, ಆದರೆ ಫೋನ್ ಅಲ್ಲದ ಒಂದು ಪೆಟ್ಟಿಗೆ ಬೇಕು. ಆ ಪೆಟ್ಟಿಗೆಗೆ ನೂರು ಡಾಲರ್ ಮೇಲೆ. ಅಲ್ಲಿಯ ಮಕ್ಕಳು ಕೊಡುವುದು ಗ್ರಾಫಿಗಲ್ಲ, ಪರೀಕ್ಷೆ ಹಾಲಿನ ಒಳಗೆ ಹೋಗುವ ಟಿಕೆಟ್ಟಿಗೆ.

ನಮ್ಮಲ್ಲಿ ಆ ಟಿಕೆಟ್ಟೇ ನಡೆಯುವುದಿಲ್ಲ. ಅಲ್ಲಿ ಒಳಗೆ ಬಿಡುವ ವಸ್ತುವನ್ನೇ ಇಲ್ಲಿ ಬಾಗಿಲಲ್ಲಿ ತೆಗೆಸುತ್ತಾರೆ. ಎಸ್ಎಸ್ಎಲ್‌ಸಿ, ಪಿಯುಸಿಯ ಗಣಿತ, ವಿಜ್ಞಾನದ ಪರೀಕ್ಷೆಗಳಲ್ಲಿ ಯಾವ ಕ್ಯಾಲ್ಕುಲೇಟರೂ ಇಲ್ಲ. ಸಿಇಟಿ, ಜೆಇಇ, ನೀಟ್‌ನಲ್ಲೂ ಇಲ್ಲ. ಬಿಎಸ್‌ಸಿ, ಬಿಇಗೆ ಬಂದರೆ ಸಾದಾ ಸೈಂಟಿಫಿಕ್ ನಡೆಯುತ್ತದೆ. ಪ್ರೋಗ್ರಾಮ್ ಹಾಕಬಹುದಾದದ್ದು ನಡೆಯುವುದಿಲ್ಲ, ಮತ್ತು ಹೆಚ್ಚುಕಡಿಮೆ ಎಲ್ಲ ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗಳಿಗೂ ಪ್ರೋಗ್ರಾಮ್ ಹಾಕಬಹುದು. ಮುಂದೆ ಕೂಸು ಎಂಎಸ್‌ಸಿಗೆ ಐಐಟಿ ಸೇರಬೇಕು ಅಂತ ಜೆಎಎಂ ಬರೆದರೂ ಅಥವಾ ಗೇಟ್ ಬರೆದರೂ, ಅಲ್ಲಿ ಕಂಪ್ಯೂಟರ್ ಪರದೆಯ ಮೇಲೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ. ಮೌಸ್‌ನಿಂದ ಒಂದೊಂದೇ ಗುಂಡಿ ಒತ್ತಬೇಕು. ಸ್ವಂತದ್ದು ಒಯ್ಯುವ ಹಾಗೇ ಇಲ್ಲ.

ಅಂದರೆ ಹತ್ತು ಸಾವಿರದ ಪೆಟ್ಟಿಗೆ ಮನೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಫೋನ್ ಈಗಾಗಲೇ ಇದೆ, ಅಲ್ವಾ?

ಈಗ ಯಾವ ಸೈಂಟಿಫಿಕ್ ಅಂತ ನೋಡುವ. ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಸಿಯೊದ ಮೂರು ನಾಲ್ಕು ಮಾದರಿ. ಎಫ್‌ಎಕ್ಸ್-82 ಎಂಎಸ್ ಎಲ್ಲಕ್ಕಿಂತ ಅಗ್ಗ. ಸೈನ್, ಕಾಸ್, ಲಾಗ್‌ಗೆ ಸಾಕು, ಬಿಎಸ್‌ಸಿ ಗಣಿತಕ್ಕೆ ಸಾಲದು. ಎಫ್‌ಎಕ್ಸ್-991 ಎಂಎಸ್ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹಳೆಯ ಕುದುರೆ. ಮ್ಯಾಟ್ರಿಕ್ಸ್, ಸಮೀಕರಣ, ಇಂಟಿಗ್ರೇಶನ್ ಎಲ್ಲ ಇದೆ. ಆದರೆ ಭಿನ್ನರಾಶಿಯನ್ನಾಗಲಿ ವರ್ಗಮೂಲವನ್ನಾಗಲಿ ಪುಸ್ತಕದಲ್ಲಿ ಇರುವ ಹಾಗೆ ತೋರಿಸುವುದಿಲ್ಲ, ಮತ್ತು ಟೇಬಲ್ ಇಲ್ಲ. ಈ ಟೇಬಲ್ ಅನ್ನುವುದು, ಅಂದರೆ ಎಕ್ಸ್‌ನ ಒಂದೊಂದು ಬೆಲೆಗೆ ಉತ್ತರ ಎಷ್ಟು ಅಂತ ಪಟ್ಟಿ ಮಾಡಿ ತೋರಿಸುವುದು, ನನಗೆ ಬಹಳ ಮುಖ್ಯ. ಹಾಗಾಗಿ ನಾನು ಹೇಳುವುದು ಎಫ್‌ಎಕ್ಸ್-991 ಇಎಸ್ ಪ್ಲಸ್. ಅದರಲ್ಲಿ ಟೇಬಲ್ ಇದೆ, ಲೆಕ್ಕ ಪುಸ್ತಕದಲ್ಲಿ ಬರೆದ ಹಾಗೇ ಕಾಣುತ್ತದೆ, ಮೂರನೇ ಘಾತದವರೆಗಿನ ಸಮೀಕರಣ ಬಿಡಿಸುತ್ತದೆ.

ಅದಕ್ಕಿಂತ ಮೇಲಿನದು ಕ್ಲಾಸ್‌ವಿಜ್ ಜಾತಿ. 991 ಇಎಕ್ಸ್ ಹಳೆಯ ಸ್ಟಾಕ್ ಎಲ್ಲಾದರೂ ಸಿಕ್ಕರೆ ಒಳ್ಳೆಯದೇ. ನಾಲ್ಕಕ್ಕೆ ನಾಲ್ಕರ ಮ್ಯಾಟ್ರಿಕ್ಸ್, ನಾಲ್ಕನೇ ಘಾತದ ಸಮೀಕರಣ, ಎಲ್ಲ ಮಾಡುತ್ತದೆ. ಅದರಲ್ಲಿ ಶಿಫ್ಟ್ ಮತ್ತು ಆಪ್ಟಿಎನ್ ಒತ್ತಿದರೆ ಪರದೆ ಮೇಲೆ ಒಂದು ಕ್ಯೂಆರ್ ಚೌಕ ಬರುತ್ತದೆ. ಫೋನಿನಿಂದ ಸ್ಕ್ಯಾನ್ ಮಾಡಿದರೆ ಗ್ರಾಫ್ ಫೋನಿನಲ್ಲಿ ಮೂಡುತ್ತದೆ. ನೋಡಲು ಚಂದ. ಆದರೆ ಅದಕ್ಕೆ ನೆಟ್ ಬೇಕು, ನಿಮ್ಮ ಹಳ್ಳಿಯಲ್ಲಿ ಅದೇ ಇಲ್ಲ. ಅದರ ನಂತರ ಬಂದ 991 ಸಿಡಬ್ಲ್ಯೂ ಬಗ್ಗೆ ನನ್ನದೊಂದು ತಕರಾರು. ಗುಂಡಿಗಳ ಜಾಗವನ್ನೆಲ್ಲ ಬದಲಿಸಿಬಿಟ್ಟಿದ್ದಾರೆ. ಕ್ಲಾಸಿನಲ್ಲಿ ಮೇಷ್ಟ್ರು "ಮೋಡ್ ಒತ್ತಿ" ಅಂದಾಗ ಅದರಲ್ಲಿ ಮೋಡ್ ಗುಂಡಿಯೇ ಇರುವುದಿಲ್ಲ. ಯಂತ್ರ ಕೆಟ್ಟದ್ದಲ್ಲ. ಆದರೆ ಪಕ್ಕದ ಬೆಂಚಿನವರ ಬಳಿ ಇರುವುದೇ ನಿಮ್ಮ ಕೂಸಿನ ಬಳಿಯೂ ಇದ್ದರೆ ಕಲಿಯುವುದು ಸಲೀಸು.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಬಾಕಿ ಇದೆ. ಕೊಳ್ಳುವ ಮೊದಲು ಅವಳ ಕಾಲೇಜಿನ ಗಣಿತ ವಿಭಾಗದಲ್ಲಿ ಕೇಳಲಿ. "ಸೈಂಟಿಫಿಕ್ ನಡೆಯುತ್ತದಾ" ಅಂತ ಕೇಳಿದರೆ ಸಾಲದು. "991 ಇಎಸ್ ಪ್ಲಸ್ ಪರೀಕ್ಷೆಗೆ ತರಬಹುದಾ" ಅಂತ ಮಾದರಿಯ ಹೆಸರು ಹಿಡಿದೇ ಕೇಳಬೇಕು. ಕೆಲವು ಕಡೆ ಎಂಎಸ್ ಮಾತ್ರ ಅನ್ನುತ್ತಾರೆ. ಹಾಗಿದ್ದರೆ ಎಂಎಸ್ ತೆಗೆದುಕೊಳ್ಳಿ, ತಕರಾರು ಬೇಡ. ಪರೀಕ್ಷೆಯ ದಿನ ಮೇಲ್ವಿಚಾರಕರ ಹತ್ತಿರ ವಾದ ಮಾಡಿ ಗೆದ್ದ ಹುಡುಗರನ್ನು ನಾನು ನೋಡಿಲ್ಲ.

ಟೇಬಲ್ ಯಾಕೆ ಮುಖ್ಯ ಅಂದೆನಲ್ಲ, ಅದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಇಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಸುಮ್ನೆ ನಿಂತು ನೋಡಿ. ನೀರು ಏರುತ್ತದೆ, ಇಳಿಯುತ್ತದೆ. ಒಂದು ಭರತಿಯಿಂದ ಇನ್ನೊಂದು ಭರತಿಗೆ ಸುಮಾರು 12 ಗಂಟೆ 25 ನಿಮಿಷ. ಇದನ್ನು ಒಂದು ಸೈನ್ ಗೆರೆ ಅಂದುಕೊಳ್ಳಿ. ನಿಜವಾದ ಉಬ್ಬರ-ಇಳಿತ ಇಷ್ಟು ಸರಳ ಅಲ್ಲ, ಸೂರ್ಯ ಚಂದ್ರ ಇಬ್ಬರೂ ಎಳೆಯುತ್ತಾರೆ, ಒಂದು ಭರತಿಯ ಹಾಗೆ ಇನ್ನೊಂದು ಇರುವುದಿಲ್ಲ. ನಮ್ಮ ಲೆಕ್ಕಕ್ಕೆ ಇಷ್ಟು ಸಾಕು. ನೀರಿನ ಎತ್ತರ ವೈ ಮೀಟರ್, ಸಮಯ ಎಕ್ಸ್ ಗಂಟೆ. 1.2 ಮೀಟರ್ ನಡುಮಟ್ಟ, ಅದರ ಮೇಲೆ ಕೆಳಗೆ 0.8 ಮೀಟರ್ ಏರಿಳಿತ ಅಂತ ಹಿಡಿಯುವ. ಎರಡು ಪೈಯನ್ನು 12.42ರಿಂದ ಭಾಗಿಸಿದರೆ 0.506. ಹಾಗಾಗಿ ವೈ ಅಂದರೆ 1.2 ಕೂಡಿಸು 0.8 ಗುಣಿಸು ಸೈನ್ ಆಫ್ 0.506 ಎಕ್ಸ್.

991 ಇಎಸ್ ಪ್ಲಸ್‌ನಲ್ಲಿ, ಕೋನದ ಅಳತೆಯನ್ನು ರೇಡಿಯನ್‌ಗೆ ಇಟ್ಟುಕೊಂಡು, ಮೋಡ್ ಒತ್ತಿ 7 ಒತ್ತಿದರೆ ಟೇಬಲ್. ಫಂಕ್ಷನ್ ಬರೆಯಬೇಕು. ಎಕ್ಸ್ ಬೇಕಾದಾಗ ಆಲ್ಫಾ ಒತ್ತಿ ಮುಚ್ಚುವ ಆವರಣದ ಗುಂಡಿ ಒತ್ತಬೇಕು. ಎರಡನೇ ಫಂಕ್ಷನ್ ಕೇಳಿದರೆ ಖಾಲಿ ಬಿಟ್ಟು ಮುಂದೆ ಹೋಗಿ. ಎಲ್ಲಿಂದ ಅಂತ ಕೇಳುತ್ತದೆ, 0. ಎಲ್ಲಿವರೆಗೆ, 13. ಹೆಜ್ಜೆ ಎಷ್ಟು, 1. ಮುಗಿಯಿತು. ಹದಿನಾಲ್ಕು ಸಾಲು ಪರದೆ ಮೇಲೆ. ಶುರುವಿಗೆ 1.2. ಒಂದು ಗಂಟೆಗೆ 1.59, ಎರಡಕ್ಕೆ 1.88, ಮೂರಕ್ಕೆ ಹತ್ತಿರಹತ್ತಿರ 2. ನಾಲ್ಕಕ್ಕೆ 1.92, ಇಳಿಯಲು ಶುರು. ಆರಕ್ಕೆ 1.28. ಒಂಬತ್ತಕ್ಕೆ 0.41, ನೀರು ತಳ ಹಿಡಿದಿದೆ. ಹನ್ನೆರಡಕ್ಕೆ ಮತ್ತೆ 1.03.

ಈಗ ಒಂದು ಗ್ರಾಫ್ ಹಾಳೆ ತೆಗೆದು ಆ ಹದಿನಾಲ್ಕು ಚುಕ್ಕಿ ಇಡಲಿ. ಕೈಯಲ್ಲೇ ಜೋಡಿಸಲಿ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಒಳಗೆ ಮಾಡುವುದೂ ಇದನ್ನೇ, ಬೇರೇನೂ ಅಲ್ಲ. ಪರದೆಯಲ್ಲಿ ಮೇಲಿಂದ ಕೆಳಗೆ ಇರುವ ಒಂದೊಂದು ಸಾಲಿಗೂ ಒಂದೊಂದು ಎಕ್ಸ್ ತೆಗೆದುಕೊಂಡು, ವೈ ಲೆಕ್ಕ ಮಾಡಿ, ಚುಕ್ಕಿ ಇಟ್ಟು, ಚುಕ್ಕಿಗಳ ನಡುವೆ ಗೆರೆ ಎಳೆಯುತ್ತದೆ. ಹದಿನಾಲ್ಕು ಚುಕ್ಕಿಯ ಬದಲು ನೂರು ಚುಕ್ಕಿ. ಇದನ್ನು ಒಂದೆರಡು ಸಲ ಕೈಯಿಂದ ಮಾಡಿದ ಮಕ್ಕಳು ಆಮೇಲೆ ಯಾವ ಯಂತ್ರದ ಗ್ರಾಫ್ ನೋಡಿದರೂ ಅದು ಎಲ್ಲಿ ಸುಳ್ಳು ಹೇಳುತ್ತಿದೆ ಅಂತ ಹಿಡಿಯುತ್ತಾರೆ.

ಸುಳ್ಳು ಹೇಳುತ್ತದೆ, ಹೌದು. ನನಗೆ ಇದು ಬಹಳ ಇಷ್ಟದ ವಿಷಯ, ಸ್ವಲ್ಪ ನಿಲ್ಲುತ್ತೇನೆ. ಮೊದಲನೆಯದು, ಮೇಲಿನ ಲೆಕ್ಕವನ್ನೇ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇದ್ದಾಗ ಮಾಡಿ ನೋಡಿ. 24 ಗಂಟೆ ಕಳೆದರೂ ನೀರು 1.2ರಿಂದ 1.37ಕ್ಕೆ ಮಾತ್ರ ಏರಿರುತ್ತದೆ, ಇಳಿಯುವುದೇ ಇಲ್ಲ. ಗ್ರಾಫ್ ಹಾಕಿದರೆ ಹೆಚ್ಚುಕಡಿಮೆ ನೆಟ್ಟಗಿನ ಗೆರೆ. ಯಂತ್ರ ತಪ್ಪಿಲ್ಲ, ನಾವು ರೇಡಿಯನ್‌ಗೆ ಬದಲಿಸಿಲ್ಲ. ಬಿಎಸ್‌ಸಿ ಮೊದಲ ವರ್ಷದಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಸಮುದ್ರ ನೋಡಿದ ಮಕ್ಕಳಿಗೆ ಕೂಡಲೇ ಅನುಮಾನ ಬರುತ್ತದೆ, "ಇದೆಂಥ ಭರತಿ ಸರ್, ಇಳಿಯೂದೇ ಇಲ್ಲ?" ಅಂತ. ಸೂತ್ರ ಮಾತ್ರ ನೋಡಿದವರಿಗೆ ಬರುವುದಿಲ್ಲ.

ಎರಡನೆಯದು ಖಾಲಿ ಪರದೆ. ಎಕ್ಸ್ ವರ್ಗ ಕೂಡಿಸು 20 ಅಂತ ಹಾಕಿ, ಪರದೆಯ ಕಿಟಕಿ ಎರಡೂ ದಿಕ್ಕಿಗೆ ಮೈನಸ್ 10ರಿಂದ 10ರವರೆಗೆ ಇದ್ದರೆ ಏನೂ ಕಾಣುವುದಿಲ್ಲ. ಗ್ರಾಫ್ ಇದೆ, ಕಿಟಕಿಯ ಮೇಲ್ಗಡೆ ಇದೆ. ಕಿಟಕಿ ಎಲ್ಲಿ ಇಡಬೇಕು ಅನ್ನುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಟೇಬಲ್ ನೋಡಿದ ಮನುಷ್ಯನಿಗೆ ಗೊತ್ತಾಗುತ್ತದೆ. ಶುರುವಿನ ಬೆಲೆಯೇ 20 ಅಂತ ಟೇಬಲ್ಲು ಮೊದಲ ನೋಟಕ್ಕೇ ಹೇಳಿಬಿಡುತ್ತದೆ.

ಮೂರನೆಯದು ತೂತು. ಎಕ್ಸ್ ವರ್ಗ ಕಳೆ 1, ಅದನ್ನು ಎಕ್ಸ್ ಕಳೆ 1ರಿಂದ ಭಾಗಿಸಿ. ಪರದೆ ಮೇಲೆ ನೆಟ್ಟಗಿನ ಗೆರೆ ಬರುತ್ತದೆ, ತುಂಡಿಲ್ಲದೆ. ಆದರೆ ಎಕ್ಸ್ 1 ಆದಾಗ ಅದಕ್ಕೆ ಬೆಲೆಯೇ ಇಲ್ಲ. ಅದೇ ಫಂಕ್ಷನ್ನನ್ನು ಟೇಬಲ್‌ನಲ್ಲಿ ಹಾಕಿದರೆ 1ರ ಎದುರಿಗೆ ಎರರ್ ಅಂತ ಬರೆದು ಬರುತ್ತದೆ. ಒಂದು ಸಾವಿರದ ಚಿಲ್ಲರೆಯ ಯಂತ್ರ ಇಲ್ಲಿ ಹತ್ತು ಸಾವಿರದ ಯಂತ್ರದ ಚಿತ್ರಕ್ಕಿಂತ ಹೆಚ್ಚು ಪ್ರಾಮಾಣಿಕ.

ಕೊನೆಯದು ಮೋಜಿನದ್ದು. 0ಯಿಂದ ಎರಡು ಪೈವರೆಗಿನ ಜಾಗವನ್ನು ಒಂದು ಯಂತ್ರ 126 ಸಮ ಹೆಜ್ಜೆಯಾಗಿ ಭಾಗ ಮಾಡಿ ಚುಕ್ಕಿ ಇಡುತ್ತದೆ ಅಂದುಕೊಳ್ಳಿ. ಆಗ ಸೈನ್ ಎಕ್ಸ್ ಮತ್ತು ಸೈನ್ 127 ಎಕ್ಸ್ ಎರಡಕ್ಕೂ ಚುಕ್ಕಿಗಳು ಒಂದೇ ಜಾಗದಲ್ಲಿ ಬೀಳುತ್ತವೆ. ಒಂದು ಮೆಲ್ಲಗೆ ಬರುವ ಅಲೆ, ಇನ್ನೊಂದು 127 ಸಲ ಕುಣಿಯುವ ಅಲೆ, ಪರದೆಗೆ ಎರಡೂ ಒಂದೇ. ಯಾಕೆ ಅಂತ ಕೂಸು ಕಾಗದದ ಮೇಲೆ ತೋರಿಸಲಿ, ಮೂರು ಸಾಲಿನ ಲೆಕ್ಕ. ಬರದಿದ್ದರೆ ನನಗೆ ಬರೆಯಲಿ.

ಫೋನಿನ ವಿಷಯಕ್ಕೆ ಬರುವ. ನೆಟ್‌ವರ್ಕ್ ಇಲ್ಲದ ಕಷ್ಟ ನನಗೆ ಗೊತ್ತು. 2020ರಲ್ಲಿ ಕಾಲೇಜು ಮುಚ್ಚಿದಾಗ ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದರು ಅಂತ ನೀವೂ ನೋಡಿದ್ದೀರಿ. ಆದರೆ ಗ್ರಾಫ್ ಆ್ಯಪ್‌ಗಳಿಗೆ ನೆಟ್ ಬೇಕಾಗುವುದು ಇಳಿಸಿಕೊಳ್ಳುವಾಗ ಮಾತ್ರ. ಶಿರಸಿ ಪೇಟೆಗೆ ಬಂದ ದಿನ ಎರಡು ಆ್ಯಪ್ ಹಾಕಿಕೊಳ್ಳಲಿ. ಒಂದು ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ್ದು. ಇನ್ನೊಂದು ಡೆಸ್ಮಾಸ್, 2011ರದ್ದು. ಎರಡಕ್ಕೂ ದುಡ್ಡಿಲ್ಲ, ಎರಡೂ ನೆಟ್ ಇಲ್ಲದೆ ನಡೆಯುತ್ತವೆ. ಗ್ರಾಫ್ ಬರೆದು ನೋಡಲು ಡೆಸ್ಮಾಸ್ ಸಲೀಸು. ಜ್ಯಾಮಿತಿ, ಮೂರು ಆಯಾಮದ ಚಿತ್ರ ಬೇಕಾದರೆ ಜಿಯೋಜೀಬ್ರಾ. ಡೆಸ್ಮಾಸ್‌ನಲ್ಲಿ ಸಂಖ್ಯೆಯ ಜಾಗಕ್ಕೆ ಒಂದು ಅಕ್ಷರ ಇಟ್ಟರೆ ಅದು ಎಳೆದಾಡುವ ಸ್ಲೈಡರ್ ಆಗುತ್ತದೆ. ಮೇಲಿನ ಭರತಿಯ ಲೆಕ್ಕದಲ್ಲಿ 0.8ರ ಬದಲು ಎ ಅಂತ ಹಾಕಿ ಎಳೆಯಲಿ. ಅಮಾವಾಸ್ಯೆ ಹತ್ತಿರ ಬಂದ ಹಾಗೆ ಏರಿಳಿತ ಹೆಚ್ಚಾಗುವುದು ಕಣ್ಣೆದುರೇ ಕಾಣುತ್ತದೆ. ಯಾವ ಟಿಐ-84ನಲ್ಲೂ ಇದು ಇಷ್ಟು ನಯವಾಗಿ ಆಗುವುದಿಲ್ಲ.

ಗ್ರಾಫಿಂಗ್ ಕ್ಯಾಲ್ಕುಲೇಟರ್ ಹೇಗಿರುತ್ತದೆ ಅಂತ ಕೂಸಿಗೆ ಕುತೂಹಲ ಇದ್ದರೆ ನಮ್‌ವರ್ಕ್ಸ್ ಅಂತ ಒಂದು ಫ್ರೆಂಚ್ ಕಂಪನಿ ಇದೆ. 2017ರಿಂದ ಅವರ ಕ್ಯಾಲ್ಕುಲೇಟರ್ ಮಾರುಕಟ್ಟೆಯಲ್ಲಿದೆ. ಅದೇ ಯಂತ್ರವನ್ನು ಆ್ಯಪ್ ಆಗಿ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಗುಂಡಿ, ಪರದೆ ಎಲ್ಲ ಹಾಗೇ. ಒಂದು ವಾರ ಆಡಿ ನೋಡಲಿ, ಆಸೆ ತೀರುತ್ತದೆ.

ಫೋನಿನ ದೊಡ್ಡ ತೊಂದರೆ ನೆಟ್‌ವರ್ಕೂ ಅಲ್ಲ, ಕರೆಂಟೂ ಅಲ್ಲ. ಗ್ರಾಫ್ ಬರೆಯಲು ತೆಗೆದವಳು ಅರ್ಧ ಗಂಟೆ ವಿಡಿಯೊ ನೋಡಿರುತ್ತಾಳೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನನ್ನ ಮನೆಯಲ್ಲೂ ಇಲ್ಲ. ಟೇಬಲ್ ಮೊದಲು ಕ್ಯಾಲ್ಕುಲೇಟರಲ್ಲಿ, ಗ್ರಾಫ್ ಹಾಳೆ ಮೇಲೆ, ಕೊನೆಗೆ ತಾಳೆ ನೋಡಲು ಮಾತ್ರ ಫೋನ್ ಅನ್ನುವ ಕ್ರಮ ಇಟ್ಟುಕೊಂಡರೆ ಸ್ವಲ್ಪ ವಾಸಿ.

ಬಿಎಸ್‌ಸಿ ಗಣಿತಕ್ಕೆ ಪ್ರಾಕ್ಟಿಕಲ್ ಕೂಡ ಇರುತ್ತದೆ. ಅಲ್ಲಿ ಬಳಸುವುದು ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್ ತರಹದ ಉಚಿತ ಸಾಫ್ಟ್‌ವೇರ್. ಉಳಿಸಿದ ಎಂಟು ಸಾವಿರವನ್ನು ಹಾಗೇ ಇಟ್ಟು, ಇನ್ನಷ್ಟು ಕೂಡಿದ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಡಿಸಿ. ಅದು ಅವಳಿಗೆ ಮೂರು ವರ್ಷ ಕೆಲಸಕ್ಕೆ ಬರುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಸೈಲ್ಯಾಬ್ ಇದೆ, ಜಿಯೋಜೀಬ್ರಾ ಇದೆ, ಎಲ್ಲವೂ ಬಿಟ್ಟಿ.

ಕ್ಯಾಲ್ಕುಲೇಟರ್‌ನಿಂದಲೇ ಎಷ್ಟು ಆಗುತ್ತದೆ ಅನ್ನುವುದಕ್ಕೆ ಇನ್ನೊಂದು ತಂತ್ರ ಹೇಳಿಬಿಡುತ್ತೇನೆ, ನ್ಯೂಟನ್-ರಾಫ್ಸನ್ ಪಾಠ (ಒಂದು ಅಂದಾಜಿನಿಂದ ಶುರು ಮಾಡಿ ಸಮೀಕರಣದ ಉತ್ತರಕ್ಕೆ ಹತ್ತಿರವಾಗುತ್ತ ಹೋಗುವ ವಿಧಾನ) ಬಂದಾಗ ಅವಳಿಗೆ ಬೇಕಾಗುತ್ತದೆ. ಎಕ್ಸ್ ಘನ ಕಳೆ 2 ಎಕ್ಸ್ ಕಳೆ 5 ಸೊನ್ನೆಗೆ ಸಮ. ನ್ಯೂಟನ್ ತಾನೇ ಬಿಡಿಸಿ ತೋರಿಸಿದ ಸಮೀಕರಣ ಇದು. 2 ಒತ್ತಿ ಈಕ್ವಲ್ ಒತ್ತಬೇಕು. ಆಮೇಲೆ ಸೂತ್ರವನ್ನು ಎಕ್ಸ್ ಬದಲು ಆನ್ಸರ್ ಗುಂಡಿ ಬಳಸಿ ಒಂದೇ ಸಲ ಬರೆಯಬೇಕು: ಆನ್ಸರ್‌ನಿಂದ ಕಳೆಯಬೇಕಾದದ್ದು ಫಂಕ್ಷನ್ ಭಾಗಿಸು ಅದರ ಡೆರಿವೇಟಿವ್. ನಂತರ ಸುಮ್ನೆ ಈಕ್ವಲ್, ಈಕ್ವಲ್, ಈಕ್ವಲ್. ಮೊದಲು 2.1 ಬರುತ್ತದೆ, ಆಮೇಲೆ 2.094568, ಆಮೇಲೆ 2.094551. ಮತ್ತೆ ಒತ್ತಿದರೂ ಈ ಅಂಕಿಗಳು ಅಲ್ಲಾಡುವುದಿಲ್ಲ. ಉತ್ತರ ಭಿನ್ನರಾಶಿಯಲ್ಲಿ ಬಂದರೆ ಎಸ್-ಡಿ ಗುಂಡಿ ಒತ್ತಿ ದಶಮಾಂಶ ಮಾಡಿಕೊಳ್ಳಬೇಕು. ಇದು 991 ಎಂಎಸ್‌ನಲ್ಲೂ ನಡೆಯುತ್ತದೆ.

ಯಾರಿಗೆ ನಿಜವಾಗಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕು ಅಂತಲೂ ಹೇಳಬೇಕು, ಇದನ್ನು ಓದುವವರಲ್ಲಿ ಅಂಥವರೂ ಇರಬಹುದು. ಬೆಂಗಳೂರಲ್ಲೋ ಗೋವಾದಲ್ಲೋ ಐಬಿ (ಇಂಟರ್‌ನ್ಯಾಶನಲ್ ಬ್ಯಾಕಲೋರಿಯೇಟ್) ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೆ ಬೇಕು. ಅಲ್ಲಿ ಅಪ್ಲಿಕೇಶನ್ಸ್ ಅನ್ನುವ ಗಣಿತ ತೆಗೆದುಕೊಂಡರೆ ಎಲ್ಲ ಪೇಪರಿಗೂ ಬೇಕು. ಅಮೆರಿಕಕ್ಕೆ ಪದವಿ ಓದಲು ಹೋಗುವವರಿಗೆ ಬೇಕಾಗಬಹುದು, ಅದೂ ಅಲ್ಲಿ ಹೋದಮೇಲೆ ಕ್ಲಾಸಿನವರನ್ನು ಕೇಳಿ ತೆಗೆದುಕೊಂಡರಾಯಿತು. ಅಲ್ಲಿಯ ಕಾಲೇಜು ಸೇರಲು ಬರೆಯುವ ಎಸ್ಎಟಿಗೆ ಈಗ ಪರೀಕ್ಷೆಯ ಪರದೆಯಲ್ಲೇ ಡೆಸ್ಮಾಸ್ ಕೊಡುತ್ತಾರೆ, ಹಾಗಾಗಿ ಅದಕ್ಕೋಸ್ಕರ ಕೊಳ್ಳುವ ಅಗತ್ಯ ಇಲ್ಲ. ಅಂದರೆ ಟಿಕೆಟ್ಟಿನ ಕಾಲ ಅಲ್ಲೂ ನಿಧಾನ ಮುಗಿಯುತ್ತಿದೆ.

ಬೇಕಾದವರಿಗೆ ನನ್ನ ಆಯ್ಕೆ ಟಿಐ ಅಲ್ಲ, ಕ್ಯಾಸಿಯೊ ಎಫ್‌ಎಕ್ಸ್-9750 ಜಿ3. ಅಮೆರಿಕದಲ್ಲಿ ಟಿಐ-84 ಸಿಇಯ ಅರ್ಧ ಬೆಲೆಯ ಆಸುಪಾಸು. ಕಪ್ಪು-ಬಿಳುಪು ಪರದೆ, 128ಕ್ಕೆ 64 ಚುಕ್ಕಿ, ನೋಡಲು ಏನೂ ಚಂದ ಇಲ್ಲ. ಆದರೆ ಗ್ರಾಫ್, ಸ್ಟ್ಯಾಟಿಸ್ಟಿಕ್ಸ್, ಪೈಥಾನ್ ಎಲ್ಲ ಇದೆ, ಪೇಟೆಯಲ್ಲಿ ಸಿಗುವ ಸಣ್ಣ ಪೆನ್ಸಿಲ್ ಸೆಲ್ ನಾಲ್ಕು ಹಾಕಿದರೆ ನಡೆಯುತ್ತದೆ. ಮೇಷ್ಟ್ರು ಟಿಐ ಹಿಡಿದೇ ಪಾಠ ಮಾಡುವವರಾದರೆ ಮಾತ್ರ ಟಿಐ. ಎಚ್‌ಪಿ ಪ್ರೈಮ್, ಟಿಐ-89 ತರಹದ ಸಿಎಎಸ್ ಯಂತ್ರಗಳು ಬೀಜಗಣಿತವನ್ನು ಅಕ್ಷರದಲ್ಲೇ ಬಿಡಿಸಿಕೊಡುತ್ತವೆ. ಅದಕ್ಕೇ ಹಲವು ಪರೀಕ್ಷೆಗಳಲ್ಲಿ ಅವಕ್ಕೆ ಪ್ರವೇಶ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಬಲೆಗೆ ಬೀಳಬೇಡಿ.

ಹಳೆಯದು ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ಸೈಂಟಿಫಿಕ್ ಆದರೆ ಧಾರಾಳವಾಗಿ. ಇಂಜಿನಿಯರಿಂಗ್ ಮುಗಿಸಿದ ಹುಡುಗರು ಅರ್ಧ ಬೆಲೆಗೂ ಕೊಡುತ್ತಾರೆ. 991 ಇಎಸ್ ಪ್ಲಸ್ ಪರೀಕ್ಷೆ ಮಾಡಲು ಒಂದು ಗುಟ್ಟು ಇದೆ. ಶಿಫ್ಟ್ ಮತ್ತು 7 ಒತ್ತಿ ಹಿಡಿದು ಆನ್ ಒತ್ತಿದರೆ ಅದರ ಸ್ವಂತ ತಪಾಸಣೆ ಪರದೆ ಬರುತ್ತದೆ. ಆ ತಪಾಸಣೆ ಮುಂದುವರಿಸಿದರೆ ಪರದೆಯ ಎಲ್ಲ ಚುಕ್ಕಿಗಳೂ ಕಪ್ಪಾಗಿ ಕಾಣುತ್ತವೆ. ಎಲ್ಲಾದರೂ ಬಿಳಿ ಗೆರೆ ಉಳಿದರೆ ಪರದೆ ಹೋಗಿದೆ ಅಂತ ಅರ್ಥ. ಈ ಗುಟ್ಟಿಗೆ ಓಗೊಡದೇ ಇದ್ದರೆ ಅದು ನಕಲಿ ಇರುವ ಸಾಧ್ಯತೆ ಹೆಚ್ಚು, ಕ್ಯಾಸಿಯೊ ಹೆಸರಿನ ನಕಲಿಗಳು ಬೇಕಾದಷ್ಟಿವೆ. ಹೊಸದು ಕೊಂಡರೆ ಬಿಲ್ಲು ಕೇಳಿ ಇಸಿದುಕೊಳ್ಳಿ.

ಸೆಲ್ಲಿನ ಬಾಗಿಲು ತೆಗೆದು ನೋಡುವುದನ್ನು ಮರೆಯಬೇಡಿ. ನನ್ನದೇ ಕತೆ ಇದೆ. ಭಟ್ಕಳದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದುಬೈಯಿಂದ ಬರುವಾಗ ಒಂದು ಗ್ರಾಫಿಂಗ್ ಕ್ಯಾಲ್ಕುಲೇಟರ್ ತಂದುಕೊಟ್ಟಿದ್ದ. ಕ್ಲಾಸಿನಲ್ಲಿ ಎರಡು ತಿಂಗಳು ತೋರಿಸಿದೆ, ಹುಡುಗರ ಎದುರು ಭಾರೀ ಮರ್ಯಾದೆ. ರಜೆ ಬಂತು, ಕಪಾಟಿನಲ್ಲಿಟ್ಟೆ, ಮಳೆಗಾಲ ಶುರುವಾಯಿತು. ಜುಲೈಯಲ್ಲಿ ತೆಗೆದು ನೋಡಿದರೆ ಸೆಲ್ ಸೋರಿ, ತಂತಿ ತಿಂದು, ಹಸಿರು ಪುಡಿ ಹಿಡಿದಿತ್ತು. ಸಮುದ್ರದ ಉಪ್ಪುಗಾಳಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆಮೇಲೆ ಕಲಿತದ್ದು: ಸೋರಿದ್ದು ಸ್ವಲ್ಪ ಆದರೆ ಹತ್ತಿಗೆ ಒಂದು ಹನಿ ಲಿಂಬೆರಸ ಹಾಕಿ ಒರೆಸಬೇಕು, ಆ ಸೆಲ್ಲಿನ ರಸ ಕ್ಷಾರ, ಲಿಂಬೆಗೆ ಇಳಿಯುತ್ತದೆ. ಆಮೇಲೆ ಒಣಬಟ್ಟೆ. ತಂತಿ ತುಂಡಾಗಿದ್ದರೆ ಲಿಂಬೆ ದಂಡ.

ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ ಅಂತ ನೀವು ನೆಮ್ಮದಿಯಿಂದ ಇರಬೇಡಿ, ನಿಮ್ಮಲ್ಲಿ ತೇವ ನಮಗಿಂತ ಕಡಿಮೆ ಏನಲ್ಲ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದ ಹಾಗೆ ಇಡುವ ಡಬ್ಬಿ ಇರುತ್ತದಲ್ಲ, ಅಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ ಕ್ಯಾಲ್ಕುಲೇಟರ್ ಇಡಿ. 991 ಇಎಸ್ ಪ್ಲಸ್‌ಗೆ ಮೇಲೆ ಸೋಲಾರ್ ಪಟ್ಟಿ ಇದೆ, ಒಳಗೆ ಎಲ್‌ಆರ್44 ಅನ್ನುವ ಗುಂಡಿ ಸೆಲ್ ಇದೆ. ವರ್ಷಗಟ್ಟಲೆ ಬರುತ್ತದೆ, ಕರೆಂಟಿನ ಹಂಗಿಲ್ಲ. ಮುಗಿದರೆ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಪರೀಕ್ಷೆಗೆ ಒಂದು ತಿಂಗಳು ಮೊದಲು ಹೊಸದು ಹಾಕಿಸಿಬಿಡಿ.

ತಮ್ಮನ ಮಗ ಏನಾದರೂ ತರಲೇಬೇಕು ಅಂತ ಹಟ ಹಿಡಿದರೆ ಬೇಡ ಅನ್ನಬೇಡಿ, ಹುಡುಗನಿಗೆ ಬೇಜಾರಾಗುತ್ತದೆ. ಅವನು ಬಳಸಿ ಬಿಟ್ಟ ಹಳೆಯ ಟಿಐ ಇದ್ದರೆ ತರಲಿ. ಸಿಇ ಆದರೆ ಅದರ ಚಾರ್ಜ್ ಆಗುವ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮೊದಲು ನೋಡಿ ತರಲಿ. ಅಕ್ಕ ತಮ್ಮ ಸೇರಿ ಆಡಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಹೊಸದು ಮಾತ್ರ ಬೇಡ.

ಇನ್ನು ನಿಮ್ಮ ಮಾಣಿ. ಒಂಬತ್ತು, ಹತ್ತು, ಪಿಯುಸಿ, ಎಲ್ಲಿಯೂ ಗಣಿತ, ವಿಜ್ಞಾನದ ಪರೀಕ್ಷೆಗೆ ಕ್ಯಾಲ್ಕುಲೇಟರ್ ಇಲ್ಲವಾದ್ದರಿಂದ ಅವನಿಗೆ ಈಗ ಏನೂ ಕೊಡಿಸಬೇಡಿ. ಕೊಡಿಸಿದರೆ ಹದಿನೇಳರ ಮಗ್ಗಿಯೂ ಮರೆತುಹೋಗುತ್ತದೆ. ಪಿಯುಸಿ ವಿಜ್ಞಾನ ತೆಗೆದುಕೊಂಡರೆ ಅವನಿಗೆ ಬೇಕಾಗುವುದು ಲಾಗ್ ಟೇಬಲ್ ಪುಸ್ತಕ. ಅಕ್ಕನದ್ದು ಅಟ್ಟದ ಮೇಲೆ ಎಲ್ಲೋ ಇರಬೇಕು, ಗೆದ್ದಲು ಹಿಡಿಯುವ ಮೊದಲು ಇಳಿಸಿ ಇಡಿ.